ಗುಂಡ್ಲುಪೇಟೆ ಬಿಸಿಲಿಗೆ ಒಗ್ಗುವ ಎಪಾಕ್ಸಿ

2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಕಾಡಿಗೆ ಬೆಂಕಿ ಬಿದ್ದು ಸಾವಿರಾರು ಎಕರೆ ಸುಟ್ಟುಹೋಯಿತು. ಹಸಿ ಸೊಪ್ಪಿನಿಂದ ಬಡಿದು ಆರಿಸುತ್ತಿದ್ದ ಅರಣ್ಯ ಸಿಬ್ಬಂದಿಗೂ ಸ್ವಯಂಸೇವಕರಿಗೂ ಬೆಂಕಿ ಬಗ್ಗದಿದ್ದಾಗ, 25ರಂದು ತಮಿಳುನಾಡಿನ ಸೂಲೂರು ವಾಯುನೆಲೆಯಿಂದ ವಾಯುಪಡೆಯ ಮಿ-17 ಹೆಲಿಕಾಪ್ಟರ್‌ಗಳು ಬಂದು, ಕೆಳಗೆ ತೂಗುಬಿಟ್ಟ ದೊಡ್ಡ ಬಕೆಟ್‌ಗಳಿಂದ ನೀರು ಸುರಿದವು. ಮಿ-17ರ ತಲೆಯ ಮೇಲೆ ತಿರುಗುವ ಐದು ಬ್ಲೇಡುಗಳು ಲೋಹದವು. ಅದೇ ಸೂಲೂರಿನಲ್ಲಿ ನೆಲೆ ನಿಂತಿರುವ ಸಾರಂಗ್ ಪ್ರದರ್ಶನ ತಂಡ ಹಾರಿಸುವುದು ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಧ್ರುವ್ ಹೆಲಿಕಾಪ್ಟರನ್ನು. ಅದರ ನಾಲ್ಕು ಬ್ಲೇಡುಗಳ ಮೈಯಲ್ಲಿ ಲೋಹಕ್ಕಿಂತ ಹೆಚ್ಚಾಗಿ ಇರುವುದು ನಾರು, ಮತ್ತು ಆ ನಾರನ್ನು ಕಚ್ಚಿ ಹಿಡಿದಿರುವ ರೆಸಿನ್.

ಚಾಮರಾಜನಗರದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಮನೆಯ ಮೇಜಿನ ಮೇಲೆ ಮಾದರಿ ಹೆಲಿಕಾಪ್ಟರಿಗೆ ಬ್ಲೇಡು ಮಾಡಲು ಹೊರಟರೆ, ಅವನು ಕೈಹಾಕುವುದು ಇದೇ ವಿದ್ಯೆಗೆ. ಅವನ ಮೊದಲ ಪ್ರಶ್ನೆ, ಯಾವ ಎಪಾಕ್ಸಿ ರೆಸಿನ್ ಕೊಳ್ಳಲಿ ಎಂಬುದು. ಅಂಗಡಿಯವರು ಡಬ್ಬದ ಮೇಲಿನ ಬಲದ ಅಂಕಿ ತೋರಿಸುತ್ತಾರೆ. ಬ್ಲೇಡು ಮಾಡುವವನಿಗೆ ಆ ಅಂಕಿಯಿಂದ ಸಿಗುವ ಸಹಾಯ ಬಹಳ ಕಡಿಮೆ. ಅವನು ನೋಡಬೇಕಾದದ್ದು ರೆಸಿನ್ನಿಗೆ ಬೆರೆಸಿ ಗಟ್ಟಿಯಾಗಿಸುವ ಹಾರ್ಡನರನ್ನು, ಆಮೇಲೆ ತನ್ನೂರಿನ ಹವೆಯನ್ನು.

ಈ ವಿದ್ಯೆಗೆ ಒಂದು ವಂಶಾವಳಿ ಇದೆ, ಅದು ಬೆಂಗಳೂರಿಗೇ ಬಂದು ಮುಟ್ಟುತ್ತದೆ. 1957ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ರಿಚರ್ಡ್ ಎಪ್ಲರ್ ಮತ್ತು ಹರ್ಮನ್ ನೇಗೆಲೆ ರೂಪಿಸಿದ ಫೀನಿಕ್ಸ್ ಎಂಬ ಗ್ಲೈಡರ್ ಹಾರಿತು. ಗ್ಲಾಸ್ ನಾರಿನಲ್ಲಿ ಕಟ್ಟಿದ ಮೊದಲ ಗ್ಲೈಡರ್ ಅದು. ನಡುವೆ ಬಾಲ್ಸಾ ಮರ, ಎರಡೂ ಕಡೆ ಗ್ಲಾಸ್ ನಾರಿನ ಪದರ. ಅದರ ಮುಂದಿನ ಪೀಳಿಗೆಯ ಗ್ಲೈಡರನ್ನು ಬ್ಯೋಲ್ಕೋ ಕಂಪನಿ ತಯಾರಿಸಿತು. ಅದೇ ಕಂಪನಿಯ ಬಿಒ-105 ಹೆಲಿಕಾಪ್ಟರ್ 1967ರಲ್ಲಿ ಹಾರಿದಾಗ ಅದರ ಬ್ಲೇಡುಗಳು ಗ್ಲಾಸ್ ನಾರಿನವಾಗಿದ್ದವು. ಬ್ಲೇಡು ಬಳುಕುವ ಗುಣವನ್ನೇ ನೆಚ್ಚಿ ತಿರುಗಣಿಯ ಕೀಲುಗಳನ್ನು ತೆಗೆದುಹಾಕಿದ್ದು ಆ ಯಂತ್ರದ ದೊಡ್ಡ ಹೆಜ್ಜೆ. ಲೋಹ ಅಷ್ಟು ಸಲ ಬಳುಕಿದರೆ ದಣಿದು ಬಿರುಕು ಬಿಡುತ್ತದೆ, ನಾರು ತಾಳಿಕೊಳ್ಳುತ್ತದೆ. ಬ್ಯೋಲ್ಕೋ ಮುಂದೆ ಎಂಬಿಬಿ ಎಂಬ ದೊಡ್ಡ ಸಂಸ್ಥೆಯ ಭಾಗವಾಯಿತು. 1984ರಲ್ಲಿ ಎಚ್‌ಎಎಲ್ ತನ್ನ ಹೊಸ ಹೆಲಿಕಾಪ್ಟರಿನ ವಿನ್ಯಾಸಕ್ಕೆ ಕೈಜೋಡಿಸಿದ್ದು ಆ ಎಂಬಿಬಿಯ ಜತೆಗೇ. ಧ್ರುವ್ ಬೆಂಗಳೂರಿನಲ್ಲಿ ಮೊದಲು ಮೇಲೆದ್ದದ್ದು 1992ರ ಆಗಸ್ಟ್ 20ರಂದು. ಬಾಲ್ಸಾ ಮರಕ್ಕೆ ಗ್ಲಾಸ್ ಬಟ್ಟೆ ಅಂಟಿಸುವ ಹುಡುಗನ ಕೆಲಸಕ್ಕೂ ಧ್ರುವ್‌ಗೂ ನಡುವೆ ಇರುವುದು ಮೂರ್ನಾಲ್ಕು ಮೆಟ್ಟಿಲು ಮಾತ್ರ. ಇದನ್ನು ಆಟಿಕೆಯ ಕೆಲಸವೆಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ.

ತಳ್ಳಿಹಾಕಬಾರದು ಎನ್ನುವುದಕ್ಕೆ ಲೆಕ್ಕವೂ ಇದೆ. ಕಲಿಯುವವರಿಗೆ ತಕ್ಕದಾದ ಒಂದು ಅಳತೆ ತೆಗೆದುಕೊಳ್ಳೋಣ: 325 ಮಿಲಿಮೀಟರ್ ಉದ್ದ, 32 ಮಿಲಿಮೀಟರ್ ಅಗಲ, ಸುಮಾರು 30 ಗ್ರಾಂ ತೂಕದ ಬ್ಲೇಡು. ಇಂಥ ಎರಡು ಬ್ಲೇಡುಗಳು ನಿಮಿಷಕ್ಕೆ 2,800 ಸುತ್ತು ತಿರುಗುತ್ತವೆ ಎನ್ನಿ. ತುದಿಯ ವೇಗ ಗಂಟೆಗೆ 340 ಕಿಲೋಮೀಟರ್ ದಾಟುತ್ತದೆ. ತಿರುಗುವ ರಭಸಕ್ಕೆ ಪ್ರತಿ ಬ್ಲೇಡೂ ತನ್ನ ಬುಡದ ಬೋಲ್ಟನ್ನು ಹೊರಕ್ಕೆ ಎಳೆಯುವ ಬಲ ಸುಮಾರು 50 ಕಿಲೋ ತೂಕದಷ್ಟು. ಮೂವತ್ತು ಗ್ರಾಂ ವಸ್ತು ಐವತ್ತು ಕಿಲೋ ಎಳೆಯುತ್ತದೆ. ಬುಡ ಕಿತ್ತರೆ ಅದು ಯಾರ ಮೈಮೇಲೆ ಹೋಗಿ ನಾಟುತ್ತದೆ ಎಂದು ಹೇಳಲಾಗದು.

ಆ ಎಳೆತವನ್ನು ಹೊರುವುದು ರೆಸಿನ್ ಅಲ್ಲ. ಗ್ಲಾಸ್ ನಾರಾಗಲಿ ಕಾರ್ಬನ್ ನಾರಾಗಲಿ ಎಳೆತದಲ್ಲಿ 3,400 ಮೆಗಾಪಾಸ್ಕಲ್ ಆಸುಪಾಸಿನವರೆಗೆ ತಾಳುತ್ತದೆ, ಗಟ್ಟಿಯಾದ ಎಪಾಕ್ಸಿ ತಾಳುವುದು ಎಪ್ಪತ್ತರ ಆಸುಪಾಸು. ಐವತ್ತು ಪಟ್ಟು ಅಂತರ. ಹೀಗಿರುವಾಗ ಒಂದು ಡಬ್ಬದ ಮೇಲೆ 70, ಇನ್ನೊಂದರ ಮೇಲೆ 75 ಎಂದು ಬರೆದಿದ್ದರೆ ಬ್ಲೇಡಿಗೆ ಏನೂ ವ್ಯತ್ಯಾಸವಾಗದು. ರೆಸಿನ್ನಿನ ಕೆಲಸ ಬೇರೆ. ಅದು ನಾರುಗಳನ್ನು ಸಾಲು ತಪ್ಪದಂತೆ ನಿಲ್ಲಿಸುತ್ತದೆ, ಒಂದರ ಹೊರೆಯನ್ನು ಪಕ್ಕದ್ದಕ್ಕೆ ದಾಟಿಸುತ್ತದೆ, ಬ್ಲೇಡು ಬಾಗಿದಾಗ ಒತ್ತಡಕ್ಕೆ ಸಿಕ್ಕ ಮಗ್ಗುಲಿನ ನಾರು ಮಡಚಿಕೊಳ್ಳದಂತೆ ಕಾಯುತ್ತದೆ, ಬ್ಲೇಡು ತಿರುಚಿಕೊಳ್ಳದಂತೆ ತಡೆಯುತ್ತದೆ. ಇವನ್ನೆಲ್ಲ ಅದು ಮಾಡುವುದು ಗಟ್ಟಿಯಾಗಿ ಇರುವಷ್ಟು ಹೊತ್ತು ಮಾತ್ರ. ಬಿಸಿಯೇರಿ ಮೆತ್ತಗಾದರೆ ನಾರು ಎಷ್ಟು ಒಳ್ಳೆಯದಿದ್ದರೂ ಬ್ಲೇಡು ರೂಪ ಕಳೆದುಕೊಳ್ಳುತ್ತದೆ.

ಎಲ್ಲ ಎಪಾಕ್ಸಿಗೂ ಗಾಜಿನಂಥ ಬಿಗಿತ ಬಿಟ್ಟು ರಬ್ಬರಿನ ಗುಣಕ್ಕೆ ಜಾರುವ ಒಂದು ತಾಪಮಾನ ಇರುತ್ತದೆ. ತಯಾರಕರ ಮಾಹಿತಿ ಪತ್ರದಲ್ಲಿ ಅದನ್ನು ಟಿಜಿ ಎಂದು ಬರೆದಿರುತ್ತಾರೆ. ರೆಸಿನ್ ಆರಿಸುವವನು ಮೊದಲು ಹುಡುಕಬೇಕಾದ ಅಂಕಿ ಇದು. ಕೋಣೆಯ ಬಿಸಿಯಲ್ಲೇ ಗಟ್ಟಿಯಾದ ಎಪಾಕ್ಸಿಯ ಟಿಜಿ ಸಾಮಾನ್ಯವಾಗಿ ಆ ಕೋಣೆಯ ಬಿಸಿಗಿಂತ ಹತ್ತಿಪ್ಪತ್ತು ಡಿಗ್ರಿ ಮಾತ್ರ ಮೇಲಿರುತ್ತದೆ. ಕಾರಣ ಸರಳ. ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತ ಹೋದಂತೆ ವಸ್ತು ಬಿಗಿಯುತ್ತದೆ, ಬಿಗಿದಂತೆ ಉಳಿದ ಅಣುಗಳಿಗೆ ಓಡಾಡಲು ಜಾಗ ಇಲ್ಲದೆ ಕ್ರಿಯೆ ಅರ್ಧಕ್ಕೆ ನಿಲ್ಲುತ್ತದೆ. ಮುಟ್ಟಿದರೆ ಕಲ್ಲಿನಂತಿರುತ್ತದೆ, ಆದರೂ ಒಳಗೆ ಪೂರ್ತಿ ಆಗಿರುವುದಿಲ್ಲ. 28 ಡಿಗ್ರಿಯಲ್ಲಿ ಒಣಗಿಸಿದ ಬ್ಲೇಡು 45-50 ಡಿಗ್ರಿಗೆ ಸೋಲಲು ಶುರುಮಾಡಬಹುದು.

ಚಾಮರಾಜನಗರ ಜಿಲ್ಲೆಯದೇ ಆದ ಗುಂಡ್ಲುಪೇಟೆಯ ಮಾರ್ಚ್-ಏಪ್ರಿಲ್ ನೆನಪಿಸಿಕೊಳ್ಳಿ. ನೆರಳಿನಲ್ಲೇ 35 ಡಿಗ್ರಿ ಮುಟ್ಟುವ ದಿನಗಳು. ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಅರವತ್ತು ದಾಟುವುದು ಕಷ್ಟವಲ್ಲ, ಕಪ್ಪು ಕಾರ್ಬನ್ ಬ್ಲೇಡಿನ ಮೈ ಇನ್ನೂ ಮೇಲಕ್ಕೆ ಹೋಗುತ್ತದೆ. ಹಿಂದಿನ ಸೀಟಿನ ಮೇಲೆ ಓರೆಯಾಗಿ ಇಟ್ಟ ಬ್ಲೇಡು ಅಲ್ಲೇ ಓರೆಯಾಗುತ್ತದೆ. ಕಣ್ಣಿಗೆ ಕಾಣದಷ್ಟು ತಿರುಚಿದ್ದರೂ ಸಾಕು, ಎರಡು ಬ್ಲೇಡುಗಳು ಎರಡು ಎತ್ತರದಲ್ಲಿ ತಿರುಗುತ್ತವೆ, ಯಂತ್ರ ನಡುಗುತ್ತದೆ. ಎಪಾಕ್ಸಿ ಗ್ಲೈಡರುಗಳಿಗೆ ದಶಕಗಳಿಂದ ಬಿಳಿ ಬಣ್ಣ ಬಳಿಯುತ್ತಿರುವುದೂ ಇದೇ ಭಯದಿಂದ. ಅವುಗಳ ರಚನೆಯನ್ನು ಸುಮಾರು 54 ಡಿಗ್ರಿಯವರೆಗೆ ಪರೀಕ್ಷಿಸಿ ಒಪ್ಪುತ್ತಿದ್ದರು, ಬಿಳಿ ಬಣ್ಣ ಮೈಯನ್ನು ಅದರ ಕೆಳಗೆ ಇಡುತ್ತದೆ. ನಮ್ಮ ಕಡೆಯ ಬ್ಲೇಡಿಗೂ ಬಿಳಿ ಅಥವಾ ಹಳದಿ ಬಳಿಯುವುದು ಒಳ್ಳೆಯದು. ಆಕಾಶದಲ್ಲಿ ಎದ್ದು ಕಾಣುತ್ತದೆ ಎಂಬ ಲಾಭ ಬೇರೆ.

ಬಣ್ಣಕ್ಕಿಂತ ದೊಡ್ಡ ಮದ್ದು, ಗಟ್ಟಿಯಾದ ಮೇಲೆ ಮತ್ತೆ ಕಾವು ಕೊಡುವುದು. ಒಂದು ದಿನ ಅಚ್ಚಿನಲ್ಲೇ ಬಿಟ್ಟು, ಆಮೇಲೆ ಅಚ್ಚಿನ ಸಮೇತ ನಿಧಾನವಾಗಿ ಬಿಸಿಯೇರಿಸಿ 60 ಡಿಗ್ರಿಯಲ್ಲಿ ಆರೇಳು ಗಂಟೆ ಇಟ್ಟರೆ ಅರ್ಧಕ್ಕೆ ನಿಂತಿದ್ದ ಕ್ರಿಯೆ ಮುಂದುವರಿದು ಟಿಜಿ ಮೇಲೇರುತ್ತದೆ. ಪ್ಲೈವುಡ್ ಪೆಟ್ಟಿಗೆ, ಒಂದೆರಡು ಹಳೆಯ ತಂತಿ ಬಲ್ಬು, ಒಂದು ಥರ್ಮೋಸ್ಟ್ಯಾಟ್, ಒಂದು ಸಣ್ಣ ಫ್ಯಾನು ಇದ್ದರೆ ಈ ಕೆಲಸ ಆಗುತ್ತದೆ. ಎಷ್ಟು ಕಾವು ಕೊಡಬಹುದು ಎನ್ನುವುದನ್ನು ಬ್ಲೇಡಿನ ನಡುವೆ ಇರುವ ವಸ್ತು ನಿರ್ಧರಿಸುತ್ತದೆ. ಬಾಲ್ಸಾ ಇದ್ದರೆ 80 ಡಿಗ್ರಿಗೂ ಹೆದರಬೇಕಿಲ್ಲ. ಥರ್ಮೋಕೋಲ್ ಜಾತಿಯ ಫೋಮ್ ಇದ್ದರೆ 60ಕ್ಕೆ ನಿಲ್ಲಿಸಬೇಕು, ಇಲ್ಲದಿದ್ದರೆ ಒಳಗಿನ ಫೋಮೇ ಕುಗ್ಗುತ್ತದೆ. ಆದ್ದರಿಂದ ರೆಸಿನ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ, 60 ಡಿಗ್ರಿಯ ಕಾವಿನ ನಂತರ ಇದರ ಟಿಜಿ ಎಷ್ಟು ಎಂಬುದು. ಕೆಲವು ಪತ್ರಗಳಲ್ಲಿ ದಪ್ಪಕ್ಷರದಲ್ಲಿ ಹಾಕಿರುವ ದೊಡ್ಡ ಅಂಕಿ 120 ಡಿಗ್ರಿಯ ಒಲೆಯಲ್ಲಿ ಬೇಯಿಸಿದ್ದರ ಫಲ, ಮನೆಯ ಪೆಟ್ಟಿಗೆಗೆ ಅದು ಅನ್ವಯಿಸದು.

ಫೋಮ್ ಮಾತು ಬಂದದ್ದರಿಂದ ಒಂದು ಅನುಮಾನ ಇಲ್ಲೇ ಪರಿಹರಿಸುತ್ತೇನೆ. ಅಗ್ಗದ ಪಾಲಿಯೆಸ್ಟರ್ ರೆಸಿನ್ ಬಳಸಬಾರದೇ? ಅದರಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ಕರಗಿಸಿ ತಿನ್ನುತ್ತದೆ, ಗಟ್ಟಿಯಾಗುವಾಗ ರೆಸಿನ್ ಎಪಾಕ್ಸಿಗಿಂತ ಹೆಚ್ಚು ಕುಗ್ಗುತ್ತದೆ, ಕಾರ್ಬನ್ನಿಗೆ ಅಷ್ಟು ಚೆನ್ನಾಗಿ ಅಂಟುವುದೂ ಇಲ್ಲ. ನೀರಿನ ಟ್ಯಾಂಕಿಗೆ, ತಾರಸಿಯ ಶೀಟಿಗೆ ಅದು ಸರಿ.

ಇನ್ನು ಹಾರ್ಡನರ್. ಮಾಮೂಲಿ ಎಪಾಕ್ಸಿ ರೆಸಿನ್ ಎಲ್ಲ ಬ್ರ್ಯಾಂಡುಗಳಲ್ಲೂ ಹೆಚ್ಚುಕಡಿಮೆ ಒಂದೇ ವಸ್ತು, ಬಿಸ್‌ಫಿನಾಲ್-ಎ ಮತ್ತು ಎಪಿಕ್ಲೋರೋಹೈಡ್ರಿನ್‌ನಿಂದ ಮಾಡಿದ್ದು. ಗುಣ ಬದಲಿಸುವುದು ಅದರ ಜತೆ ಬರುವ ಅಮೈನ್ ಹಾರ್ಡನರ್. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ ಕಾಣುವ ಜೋಡಿ ಅರಾಲ್ಡೈಟ್ ಎಲ್‌ವೈ 556 ಮತ್ತು ಎಚ್‌ವೈ 951, ಇಲ್ಲವೇ ಗುಜರಾತಿನ ಅತುಲ್ ಕಂಪನಿಯ ಲ್ಯಾಪಾಕ್ಸ್ ಎಲ್-12 ಮತ್ತು ಕೆ-6. ಸುಲಭವಾಗಿ ಸಿಗುತ್ತವೆ, ಬೆಲೆಯೂ ಕೈಗೆಟಕುತ್ತದೆ, ಕಾವು ಕೊಟ್ಟರೆ ಬಿಸಿ ತಾಳುವುದರಲ್ಲಿ ಕಳಪೆಯೇನಲ್ಲ. ಆದರೆ ಸಣ್ಣ ಬ್ಲೇಡಿಗೆ ಇವು ತರುವ ತೊಡಕು ಎರಡು.

ಮೊದಲನೆಯದು ಅಳತೆ. ಇವುಗಳಿಗೆ 100 ಭಾಗ ರೆಸಿನ್ನಿಗೆ 10ರಿಂದ 12 ಭಾಗ ಹಾರ್ಡನರ್. ನಮ್ಮ 325 ಮಿಲಿಮೀಟರ್ ಬ್ಲೇಡಿನ ಎರಡೂ ಮೈಗೆ, ಚದರ ಮೀಟರಿಗೆ 80 ಗ್ರಾಂ ತೂಗುವ ಗ್ಲಾಸ್ ಬಟ್ಟೆ ಎರಡೆರಡು ಪದರ ಹಾಕಿದರೆ ಬಟ್ಟೆಯ ತೂಕವೇ ಮೂರೂ ಚಿಲ್ಲರೆ ಗ್ರಾಂ. ಅದಕ್ಕೆ ಬೇಕಾದ ರೆಸಿನ್ ಸಹ ಅಷ್ಟೇ, ಹಾರ್ಡನರ್ 0.3 ಗ್ರಾಂ. ಬಟ್ಟಲಿಗೂ ಬ್ರಷ್ಷಿಗೂ ಹೋಗುವುದನ್ನು ಸೇರಿಸಿ 20 ಗ್ರಾಂ ಕಲಸಿದರೂ ಹಾರ್ಡನರ್ ಎರಡು ಗ್ರಾಂ, ಅದರಲ್ಲಿ 0.2 ಗ್ರಾಂ ಏರುಪೇರಾದರೆ ನೂರಕ್ಕೆ ಹತ್ತು ತಪ್ಪಿದಂತೆ. ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಪಾಲಿಯೆಸ್ಟರ್ ಕೆಲಸದಿಂದ ಬಂದದ್ದು, ಎಪಾಕ್ಸಿಯಲ್ಲಿ ಅದು ಸುಳ್ಳು. ಇಲ್ಲಿ ಹಾರ್ಡನರ್ ಕ್ರಿಯೆಗೆ ಚುರುಕು ಕೊಟ್ಟು ಹಿಂದೆ ಸರಿಯುವ ವಸ್ತುವಲ್ಲ, ಗಟ್ಟಿಯಾದ ಮೈಯ ಪಾಲುದಾರ. ರೆಸಿನ್ನಿನ ಪ್ರತಿಯೊಂದು ಎಪಾಕ್ಸಿ ಗುಂಪಿಗೂ ಹಾರ್ಡನರಿನ ಒಂದು ಹೈಡ್ರೋಜನ್ ಜೋಡಿಯಾಗಬೇಕು. ಜೋಡಿ ಸಿಗದೆ ಉಳಿದದ್ದೆಲ್ಲ ಒಳಗೆ ಮೆತ್ತಗೆ ಕೂತು ಟಿಜಿಯನ್ನು ಕೆಳಗೆ ಎಳೆಯುತ್ತದೆ. ಅದಕ್ಕೇ 100ಕ್ಕೆ 40ರಂತೆ ಕಲಸುವ ಲ್ಯಾಮಿನೇಟಿಂಗ್ ಎಪಾಕ್ಸಿ ಸಣ್ಣ ಕೆಲಸಕ್ಕೆ ಮೇಲು. ಅದೇ 0.2 ಗ್ರಾಂ ಹೆಚ್ಚುಕಡಿಮೆಯಾದರೆ ಅಲ್ಲಿ ತಪ್ಪು ನೂರಕ್ಕೆ ನಾಲ್ಕರಷ್ಟೂ ಆಗದು. ಯಾವುದನ್ನೇ ಕೊಂಡರೂ ಚಿನ್ನದಂಗಡಿಯಲ್ಲಿ ಬಳಸುವಂಥ, 0.01 ಗ್ರಾಂ ತೋರಿಸುವ ತಕ್ಕಡಿ ಜತೆಗೇ ಕೊಳ್ಳಿ. ಹನಿ ಎಣಿಸಿ ಹಾಕುವುದು, ಮುಚ್ಚಳದಲ್ಲಿ ಅಳೆಯುವುದು ಬೇಡ.

ಎರಡನೆಯದು ಮಂದ. ಎಲ್‌ವೈ 556 ಡಬ್ಬದಿಂದ ಜೋನಿಬೆಲ್ಲದಂತೆ ಎಳೆ ಎಳೆಯಾಗಿ ಇಳಿಯುತ್ತದೆ. 25 ಡಿಗ್ರಿಯಲ್ಲಿ ಅದರ ಮಂದ 10,000 ಮಿಲಿಪಾಸ್ಕಲ್-ಸೆಕೆಂಡಿಗೂ ಮೇಲೆ. ಗ್ಲೈಡರುಗಳಿಗೆ ಜರ್ಮನಿಯ ವಿಮಾನಯಾನ ಇಲಾಖೆ ಒಪ್ಪಿದ ಎಲ್ 285ರಂಥ ರೆಸಿನ್ನಿನದು ಸಾವಿರದೊಳಗೆ. ಮಂದ ರೆಸಿನ್ ನಾರಿನ ಒಳಕ್ಕೆ ಇಳಿಯಲು ತಡಮಾಡುತ್ತದೆ, ಒಳಗಿನ ಗಾಳಿ ಹೊರಬರುವುದಿಲ್ಲ, ಬಟ್ಟೆ ನೆನೆಯಲಿ ಎಂದು ಕೈ ತನ್ನಷ್ಟಕ್ಕೆ ಇನ್ನಷ್ಟು ಬಳಿಯುತ್ತದೆ. ಹಗುರ ಬ್ಲೇಡಿನ ಆಸೆ ಅಲ್ಲೇ ಮುಗಿಯಿತು. ಒಂದು ಬ್ಲೇಡಿನಲ್ಲಿ ಅರ್ಧ ಗ್ರಾಂ ಹೆಚ್ಚು ರೆಸಿನ್ ಉಳಿದರೆ, ಅದೇ ವೇಗದಲ್ಲಿ, ಮುಕ್ಕಾಲು ಕಿಲೋಗೂ ಮೀರಿದ ಬಲ ಸೆಕೆಂಡಿಗೆ 47 ಸಲ ಇಡೀ ಯಂತ್ರವನ್ನು ಅಲುಗಿಸುತ್ತದೆ. ತೆಳು ರೆಸಿನ್ ಬಳಸಿ, ಬಳಿದ ಮೇಲೆ ಹೀರುವ ಕಾಗದ ಒತ್ತಿ ಹೆಚ್ಚಿನದ್ದನ್ನು ತೆಗೆದು, ಸಾಧ್ಯವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ವ್ಯಾಕ್ಯೂಮ್ ಎಳೆಯಬೇಕು. ಬಟ್ಟೆ ಒದ್ದೆಯಾಗಿ ಪಾರದರ್ಶಕವಾಗಿರಬೇಕು, ಮೇಲೆ ಹೊಳಪಿನ ಕೆರೆ ನಿಂತಿರಬಾರದು. ಎರಡು ಬ್ಲೇಡಿನ ಜೋಡಿಯನ್ನು ಒಂದೇ ದಿನ, ಒಂದೇ ಬಟ್ಟಲಿನ ಮಿಶ್ರಣದಲ್ಲಿ ಮಾಡಿ.

ಹಾಗಾದರೆ ಹಾರ್ಡನರ್ ಬೇಗದ್ದೋ ನಿಧಾನದ್ದೋ? ಒಳ್ಳೆಯ ಕಂಪನಿಗಳು ಒಂದೇ ರೆಸಿನ್ನಿಗೆ ಎರಡು ಮೂರು ಹಾರ್ಡನರ್ ಕೊಡುತ್ತವೆ. ತಾಪಮಾನ ಹತ್ತು ಡಿಗ್ರಿ ಏರಿದರೆ ಬಟ್ಟಲಿನಲ್ಲಿ ಸಿಗುವ ಹೊತ್ತು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಯುರೋಪಿನ 20 ಡಿಗ್ರಿ ಕೋಣೆಯ ಲೆಕ್ಕದಲ್ಲಿ ನಲವತ್ತು ನಿಮಿಷ ಎಂದಿದ್ದರೆ ಏಪ್ರಿಲ್ ಮಧ್ಯಾಹ್ನ ಗುಂಡ್ಲುಪೇಟೆಯಲ್ಲಿ ಹದಿನೈದು ನಿಮಿಷ ಸಿಕ್ಕೀತು. ಬ್ಲೇಡಿನ ಕೆಲಸ ಆತುರದ್ದಲ್ಲ. ಬೋಲ್ಟಿನ ಬುಷ್ ಸುತ್ತ ನಾರಿನ ಎಳೆಯನ್ನು ಬಳಸಿ ತರಬೇಕು, ತಿರುಚು ತಡೆಯಲು ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಹಾಸಬೇಕು, ಮುಂಚೂಣಿ ಅಂಚಿನಲ್ಲಿ ಸೀಸದ ತುಂಡು ಕೂರಿಸಿ ತೂಕದ ನಡುವನ್ನು ಮುಂದಕ್ಕೆ ತರಬೇಕು. ಇದಕ್ಕೆ ನಿಧಾನದ ಹಾರ್ಡನರೇ ಸರಿ, ವರ್ಷದ ಬಹುಪಾಲು ನಮ್ಮಲ್ಲಿ ಅದೇ ಸಾಕು. ಡಿಸೆಂಬರ್-ಜನವರಿಯ ಚಳಿ ಬೆಳಗುಗಳಲ್ಲಿ ಬೇಕಿದ್ದರೆ ಮಧ್ಯಮದ್ದು. ಆ ತಿಂಗಳುಗಳಲ್ಲಿ ಡಬ್ಬದೊಳಗಿನ ರೆಸಿನ್ ಸಕ್ಕರೆಗಟ್ಟಿ ಬೆಳ್ಳಗಾಗಿದ್ದರೆ ಎಸೆಯಬೇಡಿ, 50-60 ಡಿಗ್ರಿ ಬಿಸಿನೀರಿನಲ್ಲಿ ಡಬ್ಬ ಇಟ್ಟು ಪೂರ್ತಿ ತಿಳಿಯಾಗುವವರೆಗೆ ಕರಗಿಸಿ, ತಣಿಸಿ ಬಳಸಬಹುದು. ಕಲಸಿದ್ದನ್ನು ಆಳದ ಲೋಟದಲ್ಲಿ ಬಿಡದೆ ಅಗಲ ತಟ್ಟೆಗೆ ಸುರಿಯಿರಿ. ಲೋಟದಲ್ಲಿ ಗುಂಪಾಗಿ ನಿಂತ ಎಪಾಕ್ಸಿ ತನ್ನ ಬಿಸಿಯಿಂದಲೇ ಇನ್ನಷ್ಟು ಚುರುಕಾಗಿ ಹೊಗೆಯಾಡುವ ಮಟ್ಟಕ್ಕೂ ಹೋಗುತ್ತದೆ.

ಐದು ನಿಮಿಷದ ಅಂಟು, ಮನೆಮನೆಯಲ್ಲಿರುವ ಎರಡು ಟ್ಯೂಬಿನ ಅರಾಲ್ಡೈಟ್ ಇವು ಬಟ್ಟೆ ನೆನೆಸಲು ಆಗದಷ್ಟು ಗಟ್ಟಿ ಮುದ್ದೆ, ಇವುಗಳ ಜಾಗ ಬೇರೆ. ಈಚೆಗೆ ಎಲ್ಲೆಡೆ ಸಿಗುವ ಗಾಜಿನಂತೆ ತಿಳಿಯಾದ ಕಲಾಕೃತಿಯ ರೆಸಿನ್ ಬಗ್ಗೆ ಹೆಚ್ಚು ಎಚ್ಚರ ಬೇಕು. ತೆಳುವಾಗಿದೆ, ಗುಳ್ಳೆ ಇಲ್ಲ, ಹಳದಿಯಾಗುವುದಿಲ್ಲ ಎಂದು ಹೊಸಬರು ಅದನ್ನೇ ಆರಿಸುತ್ತಾರೆ. ಅಂಥ ಅನೇಕ ರೆಸಿನ್‌ಗಳಲ್ಲಿ ತೆಳುವಾಗಲೆಂದು ಬೆರೆಸಿದ ದ್ರವ್ಯಗಳಿಂದಾಗಿ ಟಿಜಿ ಬಹಳ ಕೆಳಗಿರುತ್ತದೆ. ಬಿಸಿ ಕಾಫಿ ಲೋಟದ ಗುರುತು ಮೂಡುವ ಮೇಜನ್ನು ಅದರಿಂದ ಮಾಡಬಹುದು, ಬ್ಲೇಡು ಮಾಡಬಾರದು.

ಮಳೆಗಾಲ ಇನ್ನೊಂದು ಪರೀಕ್ಷೆ. ವಯನಾಡಿನ ಕಡೆಯಿಂದ ಜೂನ್-ಜುಲೈನಲ್ಲಿ ಮೋಡ ಇಳಿದು ಗಾಳಿ ಒದ್ದೆಯಾಗಿರುವಾಗ ಹಾರ್ಡನರಿನ ಅಮೈನ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜತೆ ಸೇರಿ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಪೊರೆ ಕಟ್ಟುತ್ತದೆ. ಅದರ ಮೇಲೆ ಎರಡನೆಯ ಪದರ ಹಾಕಿದರೆ ಹಿಡಿಯುವುದಿಲ್ಲ, ಹಾರುವಾಗ ಸಿಪ್ಪೆಯಂತೆ ಏಳುತ್ತದೆ. ಉಗುರುಬೆಚ್ಚನೆ ನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಮರಳುಕಾಗದ ಉಜ್ಜಬೇಕು. ತೊಳೆಯದೆ ಉಜ್ಜಿದರೆ ಜಿಡ್ಡು ಎಲ್ಲ ಕಡೆ ಹರಡುತ್ತದೆ. ಗಾಳಿಯ ತೇವ ಅಳೆಯುವ ಒಣ-ಹಸಿ ಬಲ್ಬಿನ ಥರ್ಮಾಮೀಟರ್ ಚಾಮರಾಜನಗರ ಜಿಲ್ಲೆಯ ರೇಷ್ಮೆ ಬೆಳೆಗಾರರಿಗೆ ಪರಿಚಿತ ವಸ್ತು. ಅದನ್ನು ತಂದು ಗೋಡೆಗೆ ಹಾಕಿ, ತೇವ ನೂರಕ್ಕೆ ಎಪ್ಪತ್ತು ಮೀರಿದ ದಿನ ಕೆಲಸ ಮುಂದಕ್ಕೆ ಹಾಕಿ. ಹುಳು ಸಾಕುವ ಮನೆಯಲ್ಲಿ ಮಾತ್ರ ಈ ಡಬ್ಬಗಳನ್ನು ತೆರೆಯಬೇಡಿ, ಘಾಟಿಗೆ ರೇಷ್ಮೆಹುಳು ತಾಳುವುದಿಲ್ಲ.

ಮನುಷ್ಯರ ಚರ್ಮವೂ ತಾಳುವುದಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಬರಿಗೈಯಲ್ಲಿ ಪದೇಪದೇ ಮುಟ್ಟಿದವರಿಗೆ ಒಂದು ದಿನ ಅಲರ್ಜಿ ಶುರುವಾದರೆ ಅದು ಜೀವನಪೂರ್ತಿ ಬಿಡದಿರಬಹುದು, ಮುಂದೆ ಸ್ವಲ್ಪ ಸೋಕಿದರೂ ಕೈ ಮುಖ ಊದಿಕೊಳ್ಳುತ್ತದೆ. ನೈಟ್ರೈಲ್ ಕೈಗವಸು ಹಾಕಿ. ಕೈಗೆ ಹತ್ತಿದ್ದನ್ನು ಥಿನ್ನರಿನಲ್ಲಿ ಒರೆಸದೆ ಸೋಪಿನಲ್ಲಿ ತೊಳೆಯಿರಿ, ಥಿನ್ನರ್ ರೆಸಿನ್ನನ್ನು ಚರ್ಮದ ಒಳಕ್ಕೆ ಸಾಗಿಸುತ್ತದೆ. ಗ್ಲಾಸ್, ಕಾರ್ಬನ್ ಉಜ್ಜುವಾಗ ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಇರಲಿ.

ಪ್ರತಿ ಸಲ ಕಲಸಿದಾಗಲೂ ಒಂದು ಚಿಕ್ಕ ಪಟ್ಟಿಯನ್ನು ಅದೇ ಬಟ್ಟೆ, ಅದೇ ರೆಸಿನ್ನಿನಲ್ಲಿ ಮಾಡಿ, ಬ್ಲೇಡಿನ ಜತೆಗೇ ಕಾವಿಗೆ ಇಡಿ. ಮರುದಿನ ಅದನ್ನು 60 ಡಿಗ್ರಿ ಬಿಸಿನೀರಿಗೆ ಹಾಕಿ ತೆಗೆದು ಬಗ್ಗಿಸಿ ನೋಡಿ. ತಣ್ಣಗಿದ್ದಾಗಿನ ಬಿಗಿತ ಇಲ್ಲವಾದರೆ ಆ ಜೋಡಿಯನ್ನು ಹಾರಿಸಬೇಡಿ, ತೂಕ ಎಷ್ಟೇ ಚೆನ್ನಾಗಿ ಹೊಂದಿದ್ದರೂ. ಪಟ್ಟಿ ಪಾಸಾದರೆ ಬ್ಲೇಡಿನ ಬುಡವನ್ನು ಅದರದೇ ಬೋಲ್ಟಿನಲ್ಲಿ ತೊಲೆಗೆ ಕಟ್ಟಿ, ಇನ್ನೊಂದು ತುದಿಯನ್ನು ಮರದ ಎರಡು ಹಲಗೆಗಳ ನಡುವೆ ರಬ್ಬರ್ ಹಾಕಿ ಬಿಗಿದು, ಎರಡು ಸಿಮೆಂಟ್ ಮೂಟೆ ನಿಧಾನವಾಗಿ ತೂಗುಬಿಡಿ. ಹಾರಾಟದ ಎಳೆತಕ್ಕೆ ಅದು ಇಮ್ಮಡಿ. ಕೆಳಗೆ ಯಾರೂ ಕಾಲಿಡದಂತೆ ನೋಡಿಕೊಳ್ಳಿ. ಇಳಿಸಿದ ಮೇಲೆ ಬುಡದಿಂದ ತುದಿಯವರೆಗೆ ನಾಣ್ಯದಿಂದ ತಟ್ಟುತ್ತ ಬಂದರೆ ಪದರ ಬಿಟ್ಟ ಕಡೆ ದನಿ ಮಂಕಾಗುತ್ತದೆ. ಮಂಕು ಕೇಳಿದ ಬ್ಲೇಡು ಕಸಕ್ಕೆ.

ಮೊದಲ ಸಲ ತಿರುಗಿಸುವುದು ಬಯಲಿನಲ್ಲಿ, ಯಂತ್ರವನ್ನು ನೆಲಕ್ಕೆ ಬಿಗಿದು, ಬ್ಲೇಡು ತಿರುಗುವ ಮಟ್ಟದಲ್ಲಿ ಯಾರೂ ನಿಲ್ಲದಂತೆ, ಮಣ್ಣಿನ ಬದುವಿನ ಮರೆಯಿಂದ ಆಗಲಿ. ಕೇಂದ್ರ ಸರ್ಕಾರದ 2021ರ ಡ್ರೋನ್ ನಿಯಮಗಳು ಕಲಿಕೆಗೂ ಹವ್ಯಾಸಕ್ಕೂ ಹಾರಿಸುವ ಮಾದರಿ ಯಂತ್ರಗಳನ್ನು ಬೇರೆ ವರ್ಗವಾಗಿ ಗುರುತಿಸಿವೆ, ಹಾರಿಸುವವರ ಕಣ್ಣಳತೆ ದಾಟಬಾರದು ಎಂಬುದು ಅದರ ಷರತ್ತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅನುಮತಿಯಿಲ್ಲದೆ ಏನನ್ನೂ ಹಾರಿಸುವಂತಿಲ್ಲ. ಆದ್ದರಿಂದ ಕಾಡಂಚಿನ ಹೊಲ ಬಿಟ್ಟು, ಊರಿನ ಈಚೆ ಕೊಯ್ಲು ಮುಗಿದ ಹೊಲ ಹುಡುಕಿಕೊಂಡು, ಹೊಲದ ಯಜಮಾನರಿಗೆ ಹೇಳಿ ಹೋಗಿ. ಬೆಳಗಿನ ಹೊತ್ತು ಒಳ್ಳೆಯದು. ಗಾಳಿ ಕಡಿಮೆ ಇರುತ್ತದೆ, ಬ್ಲೇಡೂ ತಣ್ಣಗಿರುತ್ತದೆ.